ಡೊಪ್ಪಲ್‌ಬಾಕ್ ಆರಿಸೋದು ಹೇಗೆ: ಸಾಲ್ವಾಟರ್, ಸೆಲೆಬ್ರಾಟರ್, ಕೊರ್ಬಿನಿಯಾನ್, ಆಂಡೆಕ್ಸ್, ಯಾವುದು ಯಾರಿಗೆ?

ಸ್ಟ್ರಾಂಗ್ ಬಿಯರ್ ಅಂದ ತಕ್ಷಣ ಮುಕ್ಕಾಲು ಜನ ಮೊದಲು ನೋಡೋದು ಲೇಬಲ್ ಮೇಲಿನ ಪರ್ಸೆಂಟ್. ಒಂದರಲ್ಲಿ 7.9 ಇದೆ ಇನ್ನೊಂದರಲ್ಲಿ 6.7 ಇದೆ, ಹಾಗಾದ್ರೆ 7.9ರದ್ದೇ ಮೇಲು ಅಂತ ಎತ್ಕೊಂಡು ಹೋಗ್ತಾರೆ. ಡೊಪ್ಪಲ್‌ಬಾಕ್ ಅನ್ನೋ ಜರ್ಮನಿಯ ಸ್ಟ್ರಾಂಗ್ ಬಿಯರ್ ವಿಷಯದಲ್ಲಿ ಈ ಲೆಕ್ಕ ಹಿಡಿದ್ರೆ ನಿಮಗೆ ಸರಿಹೋಗೋ ಬಾಟಲಿ ಸಿಗೋದು ಬರೀ ಅದೃಷ್ಟದ ಮೇಲೆ. ಈ ಬಿಯರ್‌ನಲ್ಲಿ ಮುಖ್ಯ ಪಾತ್ರ ಮಾಲ್ಟ್‌ದು, ಅಂದ್ರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿದು, ಆಲ್ಕೋಹಾಲ್ ಅದರ ಹಿಂದೆ ಹಿಂದೆ ಬಂದಿರೋದು ಅಷ್ಟೇ. ಎರಡು ಬಾಟಲಿ ಪಕ್ಕಪಕ್ಕ ಇಟ್ಕೊಂಡು ಕುಡಿದು ನೋಡಿ, ನಿಜವಾದ ವ್ಯತ್ಯಾಸ ಗೊತ್ತಾಗೋದು ಗುಟುಕು ಗಂಟಲಿಂದ ಇಳಿದ ಮೇಲೆ. ಅಷ್ಟೊಂದು ಮಾಲ್ಟ್ ತುಂಬಿದ ಬಿಯರ್ ಬಾಯಿಂದ ನೀಟಾಗಿ ಎದ್ದು ಹೋಗುತ್ತಾ ಇಲ್ಲಾ ಪಾಕದ ಥರ ಅಂಟ್ಕೊಂಡು ಕೂರುತ್ತಾ, ನಾನು ಮಾರ್ಕ್ಸ್ ಕೊಡೋದು ಅಲ್ಲಿ. ಉಳಿದಿದ್ದೆಲ್ಲ ಆಮೇಲೆ.

ಹೆಸರಿನ ಕಥೆ ಸ್ವಲ್ಪ ಗೊತ್ತಿದ್ರೆ ಲೇಬಲ್ ಓದೋಕೆ ಸುಲಭ ಆಗುತ್ತೆ. ಉತ್ತರ ಜರ್ಮನಿಯಲ್ಲಿ ಐನ್‌ಬೆಕ್ ಅಂತ ಒಂದು ಊರು, ಮಧ್ಯಯುಗದಲ್ಲೇ ಅಲ್ಲಿನ ಬಿಯರ್ ದೂರದೂರಕ್ಕೆ ಹೋಗ್ತಿತ್ತು, ದಕ್ಷಿಣದ ಬವೇರಿಯಾದ ದೊರೆಗಳೂ ದುಡ್ಡು ಸುರಿದು ಅಲ್ಲಿಂದಲೇ ತರಿಸ್ಕೊಳ್ತಿದ್ರು. ಆ ಖರ್ಚು ತಡೀಲಾರದೆ 1589ರಲ್ಲಿ ಮ್ಯೂನಿಕ್‌ನಲ್ಲಿ ಹೋಫ್‌ಬ್ರಾಯ್‌ಹೌಸ್ ಅಂತ ಸ್ವಂತ ಬ್ರೂವರಿ ಶುರು ಮಾಡಿದ್ರು, ಆದ್ರೂ ಐನ್‌ಬೆಕ್ ರುಚಿ ಬರಲಿಲ್ಲ ಅಂತ 1614ರಲ್ಲಿ ಅಲ್ಲಿಯ ಬ್ರೂಮಾಸ್ಟರ್ ಎಲಿಯಾಸ್ ಪಿಖ್ಲರ್‌ನನ್ನೇ ಕರೆಸ್ಕೊಂಡ್ರು. ಮ್ಯೂನಿಕ್ ಜನರ ಬಾಯಲ್ಲಿ ಐನ್‌ಬೆಕ್ ಹೋಗಿ ಐನ್ ಬಾಕ್ ಆಯ್ತು ಅಂತಾರೆ, ಜರ್ಮನ್ ಭಾಷೆಯಲ್ಲಿ ಐನ್ ಬಾಕ್ ಅಂದ್ರೆ ಒಂದು ಹೋತ. ಇವತ್ತಿಗೂ ಎಷ್ಟೋ ಬಾಕ್ ಬಾಟಲಿಗಳ ಮೇಲೆ ಕೊಂಬಿನ ಹೋತ ನಿಂತಿರೋದು ಇದೇ ಕಾರಣಕ್ಕೆ.

ಡೊಪ್ಪಲ್ ಅಂದ್ರೆ ಡಬಲ್. ಇಲ್ಲಿ ತುಂಬಾ ಜನ ಎಡವೋದು, ಆಲ್ಕೋಹಾಲ್ ಡಬಲ್ ಇರುತ್ತೆ ಅಂದ್ಕೋತಾರೆ. ಜರ್ಮನಿಯಲ್ಲಿ ಲೆಕ್ಕ ಹಾಕೋದು ಹುದುಗೋಕೆ ಬಿಡೋ ಮೊದಲು ಆ ಮಾಲ್ಟ್ ರಸ ಎಷ್ಟು ಗಟ್ಟಿ ಇತ್ತು ಅನ್ನೋದರ ಮೇಲೆ. ಅದಕ್ಕೆ ಪ್ಲೇಟೋ ಡಿಗ್ರಿ ಅಂತಾರೆ, 100 ಗ್ರಾಂ ರಸದಲ್ಲಿ ಎಷ್ಟು ಗ್ರಾಂ ಸಕ್ಕರೆ ಮತ್ತಿತರ ಸತ್ವ ಕರಗಿದೆ ಅಂತ. ದಿನನಿತ್ಯದ ಲಾಗರ್ 11-12 ಡಿಗ್ರಿ ಇದ್ರೆ ಬಾಕ್ ಅಂತ ಹಾಕ್ಕೊಳ್ಳೋಕೆ ಕನಿಷ್ಠ 16 ಬೇಕು, ಡೊಪ್ಪಲ್‌ಬಾಕ್ ಅನ್ನೋಕೆ 18. ಅಂದ್ರೆ ಹೆಸರಿನಲ್ಲಿರೋ ಡಬಲ್ ನಿಮಗೆ ಹೇಳ್ತಿರೋದು ಎಷ್ಟು ಮಾಲ್ಟ್ ಸುರಿದಿದ್ದಾರೆ ಅಂತ. ಅದರಲ್ಲಿ ಎಷ್ಟು ಆಲ್ಕೋಹಾಲ್ ಆಯ್ತು, ಎಷ್ಟು ಹಾಗೇ ಬಾಯಿಗೆ ದಪ್ಪ ಆಗಿ ಉಳೀತು ಅನ್ನೋದು ಯೀಸ್ಟ್ ಮಾಡೋ ಕೆಲಸ, ಅಲ್ಲೇ ಒಂದು ಬ್ರೂವರಿಗೂ ಇನ್ನೊಂದಕ್ಕೂ ವ್ಯತ್ಯಾಸ ಬರೋದು.

ಇನ್ನು ಹೆಸರಿನ ಕೊನೆಗೆ ಬರೋ "ಆಟರ್". ಮ್ಯೂನಿಕ್‌ನ ಔ ಅನ್ನೋ ಕಡೆ ಪಾವೊಲಾದ ಸಂತ ಫ್ರಾನ್ಸಿಸ್ ಪಂಥದ ಸನ್ಯಾಸಿಗಳ ಮಠ ಇತ್ತು, ಪೌಲಾನರ್ ಅನ್ನೋ ಹೆಸರು ಅವರಿಂದಲೇ ಬಂದಿದ್ದು. 1634ರಲ್ಲಿ ಊರಿನ ಬ್ರೂವರ್‌ಗಳು ಈ ಸನ್ಯಾಸಿಗಳು ಬಿಯರ್ ಮಾಡಿ ನಮ್ಮ ವ್ಯಾಪಾರಕ್ಕೆ ಕಲ್ಲು ಹಾಕ್ತಿದ್ದಾರೆ ಅಂತ ಕಂಪ್ಲೇಂಟ್ ಕೊಟ್ರು, ಆ ಕಂಪ್ಲೇಂಟ್ ಪತ್ರವೇ ಇವತ್ತು ಪೌಲಾನರ್ ಬ್ರೂವರಿಯ ಹುಟ್ಟಿದ ದಿನದ ದಾಖಲೆ. ಈಸ್ಟರ್ ಮುಂಚಿನ ಉಪವಾಸದ ದಿನಗಳಲ್ಲಿ ಗಟ್ಟಿ ಆಹಾರ ಮುಟ್ಟಬಾರದು, ದ್ರವ ಕುಡಿದ್ರೆ ಉಪವಾಸ ಮುರಿಯಲ್ಲ, ಹೊಟ್ಟೆಗೆ ಆಧಾರ ಆಗೋ ಹಾಗೆ ದಪ್ಪ ಬಿಯರ್ ಮಾಡ್ಕೊಂಡ್ರು, ಅದೇ ಆಮೇಲೆ ಸಾಲ್ವಾಟರ್ ಅಂತ ಹೆಸರಾಯ್ತು. ಎಲ್ಲ ಬ್ರೂವರಿಗಳೂ ಸಾಲ್ವಾಟರ್ ಅಂತಲೇ ಮಾರೋಕೆ ಶುರು ಮಾಡಿದಾಗ ಪೌಲಾನರ್ ಆ ಹೆಸರನ್ನ ಟ್ರೇಡ್‌ಮಾರ್ಕ್ ಮಾಡಿಸ್ಕೊಂಡ್ರು, ಉಳಿದವರು ಬಾಲ ಮಾತ್ರ ಉಳಿಸ್ಕೊಂಡು ಸೆಲೆಬ್ರಾಟರ್, ಆಪ್ಟಿಮಾಟರ್, ಮ್ಯಾಕ್ಸಿಮಾಟರ್, ಟ್ರಯಂಫಾಟರ್, ಆನಿಮಾಟರ್ ಅಂತೆಲ್ಲ ಇಟ್ರು. ಹಾಗಾಗಿ ಹೆಸರು ಆಟರ್ ಅಂತ ಮುಗಿದ್ರೆ ಬಹುತೇಕ ಡೊಪ್ಪಲ್‌ಬಾಕ್, ಆದ್ರೆ ಆಟರ್ ಇಲ್ಲದ ಒಳ್ಳೊಳ್ಳೆ ಡೊಪ್ಪಲ್‌ಬಾಕ್‌ಗಳೂ ಇವೆ, ಅವನ್ನ ಹೆಸರು ನೋಡಿ ಬಿಟ್ಬಿಡಬೇಡಿ.

ಹೋಲಿಸಿ ನೋಡೋಕೆ ಮುಂಚೆ

ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿಬೇಡಿ, ಇದೊಂದು ಮಾತು ಕೇಳಿ ಸಾಕು. 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಲ್ಲ ಡೊಪ್ಪಲ್‌ಬಾಕ್‌ಗಳೂ ಒಂದೇ ಥರ ಇರುತ್ತೆ, ತಣ್ಣಗೆ, ಸ್ವಲ್ಪ ಸಿಹಿ, ಸ್ವಲ್ಪ ದಪ್ಪ, ಅಷ್ಟೇ. ಮಾಲ್ಟ್‌ನ ಘಮ ಮೇಲೇಳೋಕೆ 8ರಿಂದ 12 ಡಿಗ್ರಿ ಬೇಕು, ಬಾಟಲಿ ಹೊರಗಿಟ್ಟು ಒಂದಿಪ್ಪತ್ತು ನಿಮಿಷ ಸುಮ್ನೆ ಕೂತ್ಕೊಳ್ಳಿ. ನಾನು ಬೇಕಂತಲೇ ಸ್ವಲ್ಪ ತಣ್ಣಗಿದ್ದಾಗ ಶುರು ಮಾಡಿ ಗ್ಲಾಸ್‌ನಲ್ಲೇ ಬೆಚ್ಚಗಾಗೋಕೆ ಬಿಡ್ತೀನಿ, ಯಾಕಂದ್ರೆ ಅರ್ಧ ಗ್ಲಾಸ್ ಆದ ಮೇಲೆ ಬಿಯರ್ ತನ್ನ ಬಣ್ಣ ಬಯಲು ಮಾಡುತ್ತೆ, ತಣ್ಣಗಿದ್ದಾಗ ಸುಮ್ನಿದ್ದ ಆಲ್ಕೋಹಾಲ್ ಬೆಚ್ಚಗಾದಾಗ ಮೂಗಿಗೆ ಹೊಡೆಯೋಕೆ ಶುರು ಮಾಡಿದ್ರೆ ಆ ಬಿಯರ್‌ನ ಹುದುಗುವಿಕೆ ಸರಿಯಾಗಿ ಆಗಿಲ್ಲ ಅಥವಾ ಸಾಕಷ್ಟು ಕಾಲ ತಣ್ಣಗೆ ಮಾಗಿಲ್ಲದೆ ಇರಬಹುದು.

ಗ್ಲಾಸ್ ಮೇಲ್ಗಡೆ ಸ್ವಲ್ಪ ಕಿರಿದಾಗಿದ್ರೆ ಒಳ್ಳೇದು, ಘಮ ಒಳಗೇ ನಿಲ್ಲುತ್ತೆ. ವೈನ್ ಗ್ಲಾಸ್ ಇದ್ರೂ ನಡೆಯುತ್ತೆ. ಸೋಪಿನ ಜಿಡ್ಡು ಉಳಿದಿರಬಾರದು, ನೊರೆ ನಿಲ್ಲಲ್ಲ, ಆಮೇಲೆ ನೊರೆ ಕಡಿಮೆ ಅಂತ ಪಾಪ ಬಿಯರ್ ಮೇಲೆ ತಪ್ಪು ಹೊರಿಸ್ತೀವಿ. ಹೋಲಿಸೋಕೆ ಒಂದೊಂದರಲ್ಲೂ 100-150 ಎಂಎಲ್ ಸಾಕು. ಸಾಧ್ಯ ಆದ್ರೆ ಬೇರೆ ಯಾರಾದ್ರೂ ಸುರಿದು ಗ್ಲಾಸ್ ಕೆಳಗೆ ನಂಬರ್ ಅಂಟಿಸಿ ಕೊಡಲಿ, ಲೇಬಲ್ ಕಾಣಿಸಿದ್ರೆ ನಾಲಿಗೆ ಲೇಬಲ್ ಹೇಳಿದಂಗೆ ಕೇಳುತ್ತೆ, ಇದು ನನಗೆ ಪ್ರತಿ ಸಲ ಕಂಡುಬಂದಿದೆ. ಮಧ್ಯೆ ಮಧ್ಯೆ ನೀರು, ಏನೂ ಹಾಕದ ಬ್ರೆಡ್ ತುಂಡು. ಅತ್ತರು ಸೆಂಟ್ ಹಾಕ್ಕೊಂಡು ಬಂದವರನ್ನ ಸ್ವಲ್ಪ ದೂರ ಕೂರಿಸಿ.

ಇನ್ನೊಂದು ವಿಷಯ, 7.9 ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿ ಸುಮಾರು 31 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತೆ, 5 ಪರ್ಸೆಂಟಿನ ಬಿಯರ್‌ನಲ್ಲಿ ಇರೋದು ಸುಮಾರು 20. ಸಿಹಿಯಾಗಿ ಸಲೀಸಾಗಿ ಇಳಿಯೋದರಿಂದ ಗೊತ್ತೇ ಆಗಲ್ಲ. ನಾಲ್ಕು ಥರ ಹೋಲಿಸ್ಬೇಕು ಅಂದ್ರೆ ನಾಲ್ಕು ಜನ ಸೇರಿ ಹಂಚ್ಕೊಳ್ಳಿ, ಆ ದಿನ ಯಾರೂ ಗಾಡಿ ಓಡಿಸೋದು ಬೇಡ.

ಏನು ನೋಡ್ಬೇಕು

ಮೊದಲು ಮೂಗು. ಸುರಿದ ತಕ್ಷಣ ಬರೋ ಕೆಲವು ವಾಸನೆ ಒಂದೆರಡು ನಿಮಿಷದಲ್ಲಿ ಹಾರಿಹೋಗುತ್ತೆ, ಬಣ್ಣ ಎಲ್ಲೂ ಹೋಗಲ್ಲ, ಅದನ್ನ ಆಮೇಲೆ ನೋಡಿ. ಕಪ್ಪು ಡೊಪ್ಪಲ್‌ಬಾಕ್‌ನಲ್ಲಿ ನಿಮಗೆ ಸಿಗಬೇಕಾದ್ದು ಬ್ರೆಡ್ಡಿನ ಅಂಚು ಚೆನ್ನಾಗಿ ಕೆಂಪಗೆ ಬೆಂದಾಗ ಬರೋ ಘಮ, ಟೋಸ್ಟ್, ಸ್ವಲ್ಪ ಕ್ಯಾರಮೆಲ್, ಹಿಂದೆ ಎಲ್ಲೋ ಒಣದ್ರಾಕ್ಷಿ ಅಥವಾ ಒಣ ಪ್ಲಮ್. ಈ ಬ್ರೆಡ್ ಅಂಚಿನ ಘಮ ಬರೋದು ಮ್ಯೂನಿಕ್ ಮಾಲ್ಟ್ ಅನ್ನೋ ಒಂದು ಬಗೆಯ ಮಾಲ್ಟ್‌ನಿಂದ, ಜೊತೆಗೆ ಹಳೇ ಪದ್ಧತಿಯಲ್ಲಿ ಡಿಕಾಕ್ಷನ್ ಮಾಡ್ತಾರೆ, ಅಂದ್ರೆ ನೀರಲ್ಲಿ ನೆನೆಹಾಕಿದ ಮಾಲ್ಟ್‌ನ ಒಂದು ಭಾಗ ಬೇರೆ ತೆಗೆದು ಕುದಿಸಿ ಮತ್ತೆ ಅದಕ್ಕೇ ಸುರಿಯೋದು. ಬ್ರೆಡ್ ಸುಡುವಾಗ ಮಾಂಸ ಹುರಿಯುವಾಗ ಆಗೋ ಅದೇ ಮೈಯಾರ್ ಕ್ರಿಯೆ ಇಲ್ಲೂ ಆಗುತ್ತೆ, ಆಗ ಹುಟ್ಟೋ ಮೆಲನಾಯ್ಡಿನ್ ಅನ್ನೋ ವಸ್ತುಗಳು ಬಣ್ಣ ಕೊಡುತ್ತೆ, ಅದೇ ಕ್ರಿಯೆಯಲ್ಲಿ ಘಮವೂ ಹುಟ್ಟುತ್ತೆ. ಚಾಕೊಲೇಟ್ ಒಂದು ಚೂರು ಸಿಕ್ಕಿದ್ರೆ ತಪ್ಪಿಲ್ಲ. ಸುಟ್ಟ ಕಾಫಿ ಬೀಜದ ಖಾರ ಬಂದ್ರೆ ಮಾತ್ರ ಅದು ಸ್ಟೌಟ್ ಅನ್ನೋ ಹುರಿದ ರುಚಿಯ ಕಪ್ಪು ಬಿಯರ್ ಕಡೆ ವಾಲಿದೆ ಅಂತ ನಾನು ಮಾರ್ಕ್ಸ್ ಕಳೀತೀನಿ.

ಹಣ್ಣಿನ ವಾಸನೆ ವಿಷಯದಲ್ಲಿ ಒಂಚೂರು ಜಾಗ್ರತೆ. ಒಣಹಣ್ಣು ಓಕೆ, ಅದು ಮಾಲ್ಟ್‌ನಿಂದ ಬಂದಿದ್ದು. ಬಾಳೆಹಣ್ಣು ಲವಂಗ ಬಂದ್ರೆ ಅದು ಗೋಧಿ ಬಿಯರ್‌ನ ಯೀಸ್ಟ್, ಡೊಪ್ಪಲ್‌ಬಾಕ್‌ನಲ್ಲಿ ಇರಬಾರದು, ವೈಟ್ಸೆನ್‌ಬಾಕ್ ಅನ್ನೋ ಗೋಧಿ ಬಾಕ್‌ನಲ್ಲಿ ಇರಲೇಬೇಕು. ಡೊಪ್ಪಲ್‌ಬಾಕ್ ಲಾಗರ್ ಜಾತಿ, ಸುಮಾರು 8-12 ಡಿಗ್ರಿ ತಂಪಲ್ಲಿ ನಿಧಾನಕ್ಕೆ ಹುದುಗಿ ಆಮೇಲೆ ಸೊನ್ನೆ ಹತ್ರ ತಿಂಗಳುಗಟ್ಟಲೆ ಮಾಗಬೇಕು, ಅದಕ್ಕೇ ಯೀಸ್ಟ್‌ನ ಗಲಾಟೆ ಇಲ್ಲದೆ ಮಾಲ್ಟ್ ಒಂದೇ ಮಾತಾಡೋದು.

ಬಣ್ಣ ಬೆಳಕಿಗೆ ಹಿಡಿದು ನೋಡಿ. ಕಪ್ಪಗೆ ಕಂಡಿದ್ದು ಅಂಚಿನಲ್ಲಿ ಮಾಣಿಕ್ಯದ ಕೆಂಪು ತೋರಿಸುತ್ತೆ, ನನಗೆ ಈ ಬಿಯರ್‌ನಲ್ಲಿ ತುಂಬಾ ಇಷ್ಟವಾದ ಕ್ಷಣ ಅದು. ಹೊಂಬಣ್ಣದ ಡೊಪ್ಪಲ್‌ಬಾಕ್‌ಗಳೂ ಇವೆ, ಅದು ತಪ್ಪಲ್ಲ. ತಿಳಿಯಾಗಿರಬೇಕು, ನೊರೆ ಕೆನೆ ಥರ ಇರಬೇಕು, ಅಷ್ಟೇ.

ಈಗ ಬಾಯಿ. ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ, ಸಿಹಿ ಅನ್ನಿಸಿದ್ರೆ ಸಕ್ಕರೆ ಉಳಿದಿದೆ ಅಂತ. ಚೆನ್ನಾಗಿ ಮಾಡಿದ ಡೊಪ್ಪಲ್‌ಬಾಕ್‌ನಲ್ಲಿ ಯೀಸ್ಟ್ ತನ್ನ ಕೆಲಸ ಪೂರ್ತಿ ಮಾಡಿರುತ್ತೆ, ಸಿಹಿ ಅನ್ನಿಸೋದು ಹಾಪ್ಸ್‌ನ, ಅಂದ್ರೆ ಬಿಯರ್‌ಗೆ ಹಾಕೋ ಆ ಕಹಿ ಹೂವಿನ, ಕಹಿ ತೀರ ಕಡಿಮೆ ಇರೋದರಿಂದ. ಬಿಯರ್ ಜಡ್ಜ್‌ಗಳು ಬಳಸೋ ಬಿಜೆಸಿಪಿ ಗೈಡ್‌ಲೈನ್ಸ್ 2021ರಲ್ಲಿ ಇದಕ್ಕೆ ಕಹಿಯ ಮಟ್ಟ 16ರಿಂದ 26 ಐಬಿಯು (ಬಿಯರ್‌ನ ಕಹಿ ಅಳೆಯೋ ಮಾನ) ಅಂತ ಇದೆ, ಆಲ್ಕೋಹಾಲ್ 7ರಿಂದ 10 ಪರ್ಸೆಂಟ್. ಅಷ್ಟು ಗಟ್ಟಿ ಬಿಯರ್‌ಗೆ ಅಷ್ಟು ಕಹಿ ಏನೂ ಅಲ್ಲ. ಹಾಗಾಗಿ ಮೊದಲ ಕ್ಷಣ ಸಿಹಿ, ನಡುವೆ ದಪ್ಪ, ಕೊನೆಗೆ ಹತ್ತು ಎಣಿಸೋದರೊಳಗೆ ನಾಲಿಗೆ ಮೇಲಿನ ಸಿಹಿ ಕರಗಿ ಬ್ರೆಡ್ಡಿನ ರುಚಿ ಮಾತ್ರ ಉಳೀಬೇಕು. ತುಟಿ ತುಟಿ ಅಂಟ್ಕೊಳ್ತಿದ್ರೆ, ಎರಡನೇ ಗುಟುಕಿಗೆ ಮನಸ್ಸೇ ಬರ್ತಿಲ್ಲ ಅಂದ್ರೆ, ಹುದುಗುವಿಕೆ ಅರ್ಧಕ್ಕೆ ನಿಂತಿದೆ. ಗಂಟಲಲ್ಲಿ ಬೆಚ್ಚಗಿನ ಅನುಭವ ಇರಲಿ, ಉರಿ ಬೇಡ.

ಮಾರ್ಕ್ಸ್ ಹಾಕೋ ಅಭ್ಯಾಸ ಇದ್ರೆ ಅದೇ ಬಿಜೆಸಿಪಿ ಶೀಟ್‌ನ 50 ಅಂಕದ ಲೆಕ್ಕ ಸಾಕು, ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಆಗೋ ಅನುಭವಕ್ಕೆ 5, ಒಟ್ಟಾರೆ 10. ನೋಟಕ್ಕೆ ಬರೀ 3 ಇರೋದು ಗಮನಿಸಿ, ಫೋಟೋ ನೋಡಿ ಬಿಯರ್ ಆರಿಸೋರಿಗೆ ಅದರಲ್ಲೇ ಉತ್ತರ ಇದೆ.

ಈಗ ಯಾವುದು?

ಪೌಲಾನರ್ ಸಾಲ್ವಾಟರ್, 7.9. ಇದನ್ನೇ ಅಳತೆಗೋಲು ಮಾಡ್ಕೊಳ್ಳಿ ಅಂತೀನಿ, ಯಾಕಂದ್ರೆ ಉಳಿದವರೆಲ್ಲ ನಕಲು ಮಾಡೋಕೆ ಹೋಗಿದ್ದು ಇದನ್ನೇ. ಬಣ್ಣ ತಾಮ್ರದ ಕಡೆ, ಕಪ್ಪಲ್ಲ. ಕ್ಯಾರಮೆಲ್, ಟಾಫಿ, ಬ್ರೆಡ್ಡು, ಎಲ್ಲ ಮುಂದೆ ಬಂದು ನಿಲ್ಲುತ್ತೆ, ಗುಟ್ಟು ಏನೂ ಇಲ್ಲ. ಆಲ್ಕೋಹಾಲ್ ಇಲ್ಲಿ ಅಡಗಿ ಕೂರಲ್ಲ, ಬೆಚ್ಚಗಾದಂತೆ ಗೊತ್ತಾಗುತ್ತೆ. ಸಿಹಿ ಇಷ್ಟ, ಮೊದಲ ಸಲ ಡೊಪ್ಪಲ್‌ಬಾಕ್ ಕುಡಿತಿರೋದು, ಈ ಜಾತಿ ಅಂದ್ರೇನು ಅಂತ ಒಂದೇ ಬಾಟಲಿಯಲ್ಲಿ ಗೊತ್ತಾಗ್ಬೇಕು ಅನ್ನೋರಿಗೆ ಇದು. ಇಡೀ ಅರ್ಧ ಲೀಟರ್ ಒಬ್ಬರೇ ಕುಡಿಯೋಕೆ ನನಗೆ ಕಷ್ಟ, ಕೊನೆಯ ಕಾಲು ಭಾಗ ಭಾರ ಅನ್ನಿಸುತ್ತೆ.

ಆಯಿಂಗರ್ ಸೆಲೆಬ್ರಾಟರ್, 6.7. ಮ್ಯೂನಿಕ್ ಹತ್ರದ ಆಯಿಂಗ್ ಅನ್ನೋ ಹಳ್ಳಿಯದ್ದು, ಬಾಟಲಿ ಕುತ್ತಿಗೆಗೆ ಪುಟ್ಟ ಬಿಳಿ ಪ್ಲಾಸ್ಟಿಕ್ ಹೋತ ನೇತುಹಾಕಿರ್ತಾರಲ್ಲ ಅದು. ಪರ್ಸೆಂಟ್ ನೋಡಿ ಇದನ್ನ ಕೆಳಗಿಡೋರಿಗೆ ನಾನು ಕೈ ಹಿಡಿದು ಹೇಳ್ತೀನಿ, ದಯವಿಟ್ಟು ಒಂದ್ಸಲ ಸಾಲ್ವಾಟರ್ ಪಕ್ಕ ಇಟ್ಟು ನೋಡಿ. ಆಲ್ಕೋಹಾಲ್ ಕಡಿಮೆ ಆದ್ರೂ ಬಾಯಲ್ಲಿ ತೂಕ ಒಂದು ಗ್ರಾಂ ಕೂಡ ಕಡಿಮೆ ಅನ್ನಿಸಲ್ಲ, ಬಣ್ಣ ಕಪ್ಪು ಕಂದು, ಒಣ ಪ್ಲಮ್, ಡಾರ್ಕ್ ಟೋಸ್ಟ್, ಹುರಿದ ಮಾಲ್ಟ್‌ನ ಒಂದು ಎಳೆ, ಇಷ್ಟೆಲ್ಲ ಆದ ಮೇಲೆ ಕೊನೆಗೆ ಬಾಯಿ ಒಣ ಮಾಡಿ ಬಿಟ್ಟು ಹೋಗುತ್ತೆ. ನಾನು ಮೊದಲೇ ಹೇಳಿದ ಆ ಕೊನೆಯ ಪರೀಕ್ಷೆಯಲ್ಲಿ ಇದು ಪ್ರತಿ ಸಲ ನನ್ನ ಕೈಯಲ್ಲಿ ಹೆಚ್ಚು ಮಾರ್ಕ್ಸ್ ತಗೊಂಡಿದೆ. ತುಂಬಾ ಸಿಹಿ ಆಗಲ್ಲ, ಕಪ್ಪು ಬಿಯರ್ ಇಷ್ಟ, ಸ್ಟೌಟ್ ಕುಡಿದು ಅಭ್ಯಾಸ ಇದೆ ಅನ್ನೋರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳ್ತೀನಿ.

ವೈಹೆನ್‌ಸ್ಟೆಫಾನರ್ ಕೊರ್ಬಿನಿಯಾನ್, 7.4. ಫ್ರೈಸಿಂಗ್ ಊರಿನ ಬೆಟ್ಟದ ಮೇಲಿನ ಬ್ರೂವರಿ, 1040ರಿಂದ ನಡೀತಿದೆ ಅಂತ ಅವರು ಲೇಬಲ್ ಮೇಲೆ ಹಾಕ್ಕೊಳ್ತಾರೆ. ಕೊರ್ಬಿನಿಯಾನ್ ಅನ್ನೋದು ಸಂತನ ಹೆಸರು, ರೋಮ್‌ಗೆ ಹೋಗ್ತಾ ಇದ್ದಾಗ ಅವನ ಸಾಮಾನು ಹೊರ್ತಿದ್ದ ಪ್ರಾಣಿಯನ್ನ ಕರಡಿ ಕೊಂದುಹಾಕ್ತಂತೆ, ಅವನು ಆ ಕರಡಿ ಬೆನ್ನ ಮೇಲೇ ಗಂಟು ಹೊರಿಸ್ಕೊಂಡು ಹೋದ ಅಂತ ಕಥೆ, ಫ್ರೈಸಿಂಗ್ ಊರಿನ ಲಾಂಛನದಲ್ಲಿ ಇವತ್ತಿಗೂ ಆ ಕರಡಿ ಇದೆ. ರುಚಿಯಲ್ಲಿ ಇದು ಆ ಎರಡರ ಮಧ್ಯೆ ಅಂತ ಹೇಳಿದ್ರೆ ಸುಲಭ, ಆದ್ರೆ ನ್ಯಾಯ ಆಗಲ್ಲ. ಇದರಲ್ಲಿ ಒಣಹಣ್ಣು ಎಲ್ಲರಿಗಿಂತ ಮುಂದೆ, ಅಂಜೂರ, ಪ್ಲಮ್, ಜೊತೆಗೆ ಬೀಜಗಳ ಎಣ್ಣೆಯಂಥ ಒಂದು ನಯ. ಮೂಗಿಟ್ಟು ಸುಮ್ನೆ ಕೂರೋಕೆ ಇಷ್ಟಪಡೋರು, ನಿಧಾನಕ್ಕೆ ಒಂದು ಗ್ಲಾಸ್ ಒಂದು ಗಂಟೆ ಕುಡಿಯೋರು ಇದನ್ನ ತಗೊಳ್ಳಿ. ಬೆಚ್ಚಗಾದಂತೆ ಹೆಚ್ಚು ಚೆನ್ನಾಗಾಗೋದರಲ್ಲಿ ಇದು ಮೊದಲು.

ಆಂಡೆಕ್ಸ್ ಡೊಪ್ಪಲ್‌ಬಾಕ್ ಡುಂಕೆಲ್, 7.1. ಅಮರ್‌ಸೇ ಕೆರೆ ಪಕ್ಕದ ಬೆಟ್ಟದ ಮೇಲೆ ಬೆನೆಡಿಕ್ಟೈನ್ ಸನ್ಯಾಸಿಗಳ ಮಠ, ಇವತ್ತಿಗೂ ಬ್ರೂವರಿ ಮಠದ್ದೇ. ಉಪವಾಸದ ಬಿಯರ್ ಅಂತ ಕಥೆ ಹೇಳೋ ಬ್ರೂವರಿಗಳು ಬೇಕಾದಷ್ಟಿವೆ, ಸನ್ಯಾಸಿಗಳು ಈಗಲೂ ಅಲ್ಲೇ ಇರೋ ಜಾಗ ಅಪರೂಪ. ಕೆಂಪು ಛಾಯೆಯ ಕಂದು ಬಣ್ಣ, ಮೃದು, ಹಾಲಿನ ಕೆನೆ ಥರ ಬಾಯಲ್ಲಿ ಉರುಳುತ್ತೆ, ಕೊನೆಗೆ ಕೋಕೋದ ಚೂರು ಕಹಿ. ಸಾಲ್ವಾಟರ್‌ನ ಸಿಹಿ ಬೇಕು ಆದ್ರೆ ಆ ಭಾರ ಬೇಡ ಅನ್ನೋರಿಗೆ ನನ್ನ ಆಯ್ಕೆ ಇದು.

ಶ್ಪಾಟೆನ್ ಆಪ್ಟಿಮಾಟರ್ ಬಗ್ಗೆ ಹೆಚ್ಚು ಹೇಳೋದಿಲ್ಲ, ಏಳೂವರೆ ಆಸುಪಾಸು, ಕ್ಯಾರಮೆಲ್ಲು ಟೋಸ್ಟು ನೇರಾನೇರ, ಕೆಟ್ಟದ್ದಲ್ಲ, ಮೇಲಿನ ನಾಲ್ಕು ಸಿಗದಿದ್ದಾಗ ಧಾರಾಳವಾಗಿ ತಗೊಳ್ಳಿ. ಔಗುಸ್ಟೀನರ್ ಮ್ಯಾಕ್ಸಿಮಾಟರ್ 7.5, ಎಲ್ಲಾದ್ರೂ ಕಣ್ಣಿಗೆ ಬಿದ್ರೆ ಬಿಡಬೇಡಿ.

ನೇರವಾಗಿ ಎರಡನ್ನೇ ಹೋಲಿಸಿ ಅಂದ್ರೆ ನಾನು ಸಾಲ್ವಾಟರ್ ಮತ್ತು ಸೆಲೆಬ್ರಾಟರ್ ಇಡ್ತೀನಿ. ಒಂದು ಕಡೆ ಸಿಹಿ, ತಿಳಿ ಬಣ್ಣ, ಹೆಚ್ಚು ಆಲ್ಕೋಹಾಲ್. ಇನ್ನೊಂದು ಕಡೆ ಒಣ ಮುಕ್ತಾಯ, ಗಾಢ ಬಣ್ಣ, ಕಡಿಮೆ ಆಲ್ಕೋಹಾಲ್. ಈ ಎರಡರಲ್ಲಿ ನಿಮ್ಮ ನಾಲಿಗೆ ಯಾವ ಕಡೆ ಅಂತ ಒಂದು ಸಂಜೆಯಲ್ಲಿ ಗೊತ್ತಾಗಿಬಿಡುತ್ತೆ, ಆಮೇಲೆ ಉಳಿದ ಯಾವ ಡೊಪ್ಪಲ್‌ಬಾಕ್ ಬಗ್ಗೆ ಯಾರು ಏನೇ ಬರೆದಿದ್ರೂ ಅದು ನಿಮಗೆ ಸರಿಹೋಗುತ್ತಾ ಅಂತ ನೀವೇ ಅಂದಾಜು ಮಾಡ್ಬಹುದು.

ಡೊಪ್ಪಲ್‌ಬಾಕ್‌ನ ಅಣ್ಣತಮ್ಮಂದಿರು

ಕೆಲವರಿಗೆ ಬೇಕಿರೋದು ಡೊಪ್ಪಲ್‌ಬಾಕ್ ಅಲ್ಲವೇ ಅಲ್ಲ, ಅದರ ಪಕ್ಕದ್ದು. ಹೆಲ್ಲೆಸ್ ಬಾಕ್ ಅಥವಾ ಮೈಬಾಕ್ ತಗೊಂಡ್ರೆ ಹೊಂಬಣ್ಣ, ವಸಂತಕಾಲದ ಬಿಯರ್, ಹಾಪ್ಸ್ ಸ್ವಲ್ಪ ಜಾಸ್ತಿ, 6.3ರಿಂದ 7.4ರವರೆಗೆ. ಮಾಲ್ಟ್ ಇಷ್ಟ ಆದ್ರೆ ಕ್ಯಾರಮೆಲ್ ಆಗಲ್ಲ ಅನ್ನೋರಿಗೆ ಸರಿ. ಮೂಲ ಊರಿನದ್ದೇ ಬೇಕು ಅಂದ್ರೆ ಐನ್‌ಬೆಕರ್ ಊರ್‌ಬಾಕ್ ಡುಂಕೆಲ್, 6.5, ಬವೇರಿಯಾದ ಬಾಕ್‌ಗಳಿಗಿಂತ ಕಹಿ ಎದ್ದು ಕಾಣುತ್ತೆ, ಉತ್ತರದವರ ಕೈ ಅದು.

ಷ್ನೈಡರ್‌ನ ಆವೆಂಟಿನಸ್, 8.2, ಇದರ ಬಗ್ಗೆ ನಿಂತು ಹೇಳ್ಬೇಕು. 1907ರಿಂದ ಇದೆ, ಗೋಧಿ ಮಾಲ್ಟ್‌ನಿಂದ ಮಾಡಿದ ಡೊಪ್ಪಲ್‌ಬಾಕ್, ಅಂದ್ರೆ ಮೇಲೆ ಹೇಳಿದ ವೈಟ್ಸೆನ್‌ಬಾಕ್, ತಂಪಲ್ಲಿ ಹುದುಗೋ ಲಾಗರ್ ಅಲ್ಲ, ಬೆಚ್ಚಗೆ ಹುದುಗೋ ಏಲ್. ಬಾಟಲಿ ತಳದಲ್ಲಿ ಯೀಸ್ಟ್ ಇರುತ್ತೆ, ಕೊನೆಗೆ ಸ್ವಲ್ಪ ಅಲುಗಾಡಿಸಿ ಸುರೀತಾರೆ. ಬಾಳೆಹಣ್ಣು, ಲವಂಗ, ಪ್ಲಮ್, ಚಾಕೊಲೇಟ್, ನೊರೆ ಬೆಟ್ಟದಂಗೆ. ಮಾಲ್ಟ್ ಒಂದೇ ಮಾತಾಡೋ ಬಿಯರ್ ಬೋರ್ ಅನ್ನಿಸಿದ್ರೆ ಇಲ್ಲಿಗೆ ಬನ್ನಿ. ಆದ್ರೆ ಸೆಲೆಬ್ರಾಟರ್ ಪಕ್ಕ ಇಟ್ಟು ಯಾವುದು ಮೇಲು ಅಂತ ಕೇಳಬೇಡಿ, ಎರಡರ ಕೆಲಸ ಬೇರೆ, ಹಾಗೆ ಹೋಲಿಸಿದ್ರೆ ಆವೆಂಟಿನಸ್‌ನ ಲವಂಗ ಇನ್ನೊಂದರ ಬ್ರೆಡ್ ಘಮವನ್ನ ಮುಚ್ಚಿಹಾಕುತ್ತೆ. ಟೇಸ್ಟಿಂಗ್ ಮಾಡೋವಾಗ ಇದು ಡೊಪ್ಪಲ್‌ಬಾಕ್‌ಗಳು ಮುಗಿದ ಮೇಲೇ ಬರ್ಬೇಕು.

ಐಸ್‌ಬಾಕ್ ಅಂದ್ರೆ ಬಾಕ್‌ನ ಹೆಪ್ಪುಗಟ್ಟಿಸಿ ಐಸ್ ತೆಗೆದುಹಾಕೋದು. ನೀರು ಮೊದಲು ಗಟ್ಟಿಯಾಗುತ್ತೆ, ಆಲ್ಕೋಹಾಲ್ ಆಗಲ್ಲ, ಉಳಿದಿದ್ದು ಇನ್ನೂ ಗಟ್ಟಿ. ಕುಲ್ಮ್‌ಬಾಖ್ ಊರಿನ ಐಸ್‌ಬಾಕ್ 9.2, ಆವೆಂಟಿನಸ್ ಐಸ್‌ಬಾಕ್ 12. ಊಟ ಆದ ಮೇಲೆ ಪುಟ್ಟ ಗ್ಲಾಸ್‌ನಲ್ಲಿ 60-70 ಎಂಎಲ್ ಸಾಕು. ಇದು ಚೆನ್ನಾಗಿದ್ರೆ ಹಣ್ಣಿನ ಪಾಕದಂಗೆ ಇರುತ್ತೆ, ಆದ್ರೆ ಮೂಲ ಬಿಯರ್‌ನಲ್ಲಿ ಸಣ್ಣ ತಪ್ಪಿದ್ರೂ ಅದೂ ಗಟ್ಟಿಯಾಗಿ ಬಂದು ಕೂತಿರುತ್ತೆ. ಬರೀ ಸ್ಟ್ರಾಂಗ್ ಅಂತ ಇದರಿಂದ ಶುರು ಮಾಡೋರಿಗೆ ನಾನು ಬೇಡ ಅಂತಲೇ ಹೇಳೋದು. ಆಸ್ಟ್ರಿಯಾದ ಸಾಮಿಕ್ಲೌಸ್‌ಗೂ ಇದೇ ಮಾತು, ಹೆಪ್ಪುಗಟ್ಟಿಸದೆಯೇ 14 ಪರ್ಸೆಂಟ್, ವರ್ಷಕ್ಕೆ ಒಂದೇ ದಿನ ಡಿಸೆಂಬರ್ 6ಕ್ಕೆ ಮಾಡೋದು, ತಿಂಗಳುಗಟ್ಟಲೆ ಮಾಗಿಸಿ ಕೊಡ್ತಾರೆ.

ಬಾಂಬೆರ್ಗ್‌ನ ಶ್ಲೆಂಕರ್ಲಾ ಬ್ರೂವರಿಯ ಊರ್‌ಬಾಕ್ 6.5, ಮಾಲ್ಟ್‌ನ ಬೀಚ್ ಮರದ ಹೊಗೆಯಲ್ಲಿ ಒಣಗಿಸಿರ್ತಾರೆ. ಅವರದೇ ಐಖೆ ಅನ್ನೋದು ಓಕ್ ಮರದ ಹೊಗೆಯ ಡೊಪ್ಪಲ್‌ಬಾಕ್, 8 ಪರ್ಸೆಂಟ್, ಕ್ರಿಸ್‌ಮಸ್ ಹೊತ್ತಿಗೆ ಬರುತ್ತೆ. ಓಕ್ ಹೊಗೆ ಬೀಚ್‌ಗಿಂತ ಮೃದು. ಇವನ್ನ ಬೇರೆ ದಿನಕ್ಕೆ ಇಟ್ಕೊಳ್ಳಿ, ಒಂದು ಗುಟುಕು ಕುಡಿದ ಮೇಲೆ ಆ ರಾತ್ರಿ ಬೇರೆ ಯಾವ ಬಿಯರ್‌ಗೂ ನಾಲಿಗೆ ನ್ಯಾಯ ಕೊಡಲ್ಲ.

ಬಾಟಲಿ ಕೆಟ್ಟಿದೆಯಾ, ಬಿಯರ್ ಕೆಟ್ಟದ್ದಾ?

ಇದು ಗೊತ್ತಿಲ್ಲದೆ ಹೋಲಿಕೆ ಮಾಡಿದ್ರೆ ಶ್ರಮ ಎಲ್ಲ ನೀರುಪಾಲು. ಒಂದ್ಸಲ ನಾನು ಒಂದು ಡೊಪ್ಪಲ್‌ಬಾಕ್ ಕುಡಿದು ಚೆನ್ನಾಗಿಲ್ಲ ಅಂತ ವರ್ಷಗಟ್ಟಲೆ ಅದರ ಕಡೆ ತಿರುಗಿ ನೋಡಿರಲಿಲ್ಲ, ಆಮೇಲೆ ಫ್ರೆಶ್ ಬಾಟಲಿ ಸಿಕ್ಕಾಗ ಗೊತ್ತಾಯ್ತು ಆವತ್ತು ಕುಡಿದಿದ್ದು ಬಿಸಿಲಲ್ಲಿ ಎಲ್ಲೋ ಕೂತು ಹಳಸಿದ್ದು ಅಂತ. ಒದ್ದೆ ರಟ್ಟಿನ ಡಬ್ಬದ ವಾಸನೆ ಬಂದ್ರೆ ಅದು ಗಾಳಿ ತಾಗಿ ಹಳೇದಾಗಿದ್ದು, ಬ್ರೂವರಿಯ ಕೈ ತಪ್ಪಲ್ಲ. ಸ್ಕಂಕ್ ವಾಸನೆ ಅಂತಾರಲ್ಲ ಆ ಗಬ್ಬು ಬಂದ್ರೆ ಬೆಳಕು ಬಿದ್ದು ಹಾಪ್ಸ್ ಕೆಟ್ಟಿದೆ, ಹಸಿರು ಅಥವಾ ಬಿಳಿ ಬಾಟಲಿಯಲ್ಲಿ ಬೇಗ ಆಗುತ್ತೆ, ಕಂದು ಬಾಟಲಿಯಲ್ಲಿ ಕಡಿಮೆ. ಬೆಣ್ಣೆ ಹಚ್ಚಿದ ಪಾಪ್‌ಕಾರ್ನ್ ವಾಸನೆ ಡಯಾಸಿಟೈಲ್, ಇದು ಬಹುತೇಕ ಬ್ರೂವರಿ ಅವಸರ ಮಾಡಿದ್ದರಿಂದ ಬರೋದು, ಯೀಸ್ಟ್‌ಗೆ ಅದನ್ನ ತಾನೇ ತಿಂದು ಮುಗಿಸೋಕೆ ಟೈಮ್ ಕೊಟ್ಟಿಲ್ಲ. ಬೇಯಿಸಿದ ಮೆಕ್ಕೆಜೋಳದ ವಾಸನೆ ಡಿಎಂಎಸ್ ಅನ್ನೋ ಗಂಧಕದ ವಸ್ತುವಿಂದ, ಹಸಿ ಸೇಬಿನ ವಾಸನೆ ಅಂದ್ರೆ ಬಿಯರ್ ಇನ್ನೂ ಎಳೇದು. ನೇಲ್ ಪಾಲಿಷ್ ಬಂದ್ರೆ ಗ್ಲಾಸ್ ಪಕ್ಕಕ್ಕಿಡಿ.

ಇದರಲ್ಲಿ ಒಂದು ಗೊಂದಲದ ಜಾಗ ಇದೆ, ಶೆರ್ರಿ ವೈನ್ ಥರದ ವಾಸನೆ. ಅದೂ ಗಾಳಿ ತಾಗಿದ್ದರಿಂದಲೇ ಬರೋದು, ಆದ್ರೆ ಗಟ್ಟಿ ಬಿಯರ್‌ನಲ್ಲಿ ಒಂದು ಮಟ್ಟದವರೆಗೆ ಹಿತವಾಗಿರುತ್ತೆ. ಆವೆಂಟಿನಸ್, ಐಸ್‌ಬಾಕ್, ಸಾಮಿಕ್ಲೌಸ್ ಇವನ್ನ ತಂಪಾದ ಕತ್ತಲ ಜಾಗದಲ್ಲಿ ಕೆಲವು ವರ್ಷ ಇಟ್ಟು ಕುಡಿಯೋರಿದ್ದಾರೆ, ನನಗೂ ಇಷ್ಟ. ಸೆಲೆಬ್ರಾಟರ್, ಆಂಡೆಕ್ಸ್ ಇವನ್ನ ಮಾತ್ರ ಇಡೋಕೆ ಹೋಗಬೇಡಿ, ಅವುಗಳ ಬ್ರೆಡ್ ಘಮ ತಾಜಾ ಇದ್ದಾಗ ಮಾತ್ರ ಇರೋದು. ಬಾಟಲಿ ಮೇಲೆ ಜರ್ಮನ್ನರು ತಾರೀಖು ಹಾಕೋದು ದಿನ, ತಿಂಗಳು, ವರ್ಷದ ಕ್ರಮದಲ್ಲಿ, ಅದೂ ಸಾಮಾನ್ಯವಾಗಿ ಎಲ್ಲಿಯವರೆಗೆ ಚೆನ್ನಾಗಿರುತ್ತೆ ಅನ್ನೋ ತಾರೀಖು, ತಯಾರಾದ ದಿನ ಅಲ್ಲ. ಅದು ಎಷ್ಟು ದೂರ ಇದ್ರೆ ಅಷ್ಟು ಒಳ್ಳೇದು, ಎರಡು ಬ್ರ್ಯಾಂಡ್ ಹೋಲಿಸೋವಾಗ ಎರಡರ ತಾರೀಖೂ ಹತ್ತಿರ ಹತ್ತಿರ ಇರೋ ಹಾಗೆ ನೋಡ್ಕೊಳ್ಳಿ.

ಎಲ್ಲ ಮುಗಿದ ಮೇಲೆ ಗ್ಲಾಸ್‌ಗಳನ್ನ ತಕ್ಷಣ ತೊಳೀಬೇಡಿ. ಹತ್ತು ನಿಮಿಷ ಬಿಟ್ಟು ಖಾಲಿ ಗ್ಲಾಸ್‌ಗೆ ಮೂಗಿಡಿ, ಆಲ್ಕೋಹಾಲ್ ಹಾರಿಹೋಗಿರುತ್ತೆ, ನೊರೆ ಇಲ್ಲ, ತಂಪೂ ಇಲ್ಲ, ಬರೀ ಮಾಲ್ಟ್ ಉಳಿದಿರುತ್ತೆ. ಒಂದರಲ್ಲಿ ಸುಟ್ಟ ಸಕ್ಕರೆ, ಇನ್ನೊಂದರಲ್ಲಿ ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡು, ಮತ್ತೊಂದರಲ್ಲಿ ಒಣ ಅಂಜೂರ. ಕುಡಿಯೋವಾಗ ತೀರ್ಮಾನ ಆಗದೆ ಇದ್ದ ಎಷ್ಟೋ ಜೋಡಿಗಳ ವಿಷಯದಲ್ಲಿ ನನಗೆ ಉತ್ತರ ಸಿಕ್ಕಿದ್ದು ಈ ಖಾಲಿ ಗ್ಲಾಸಿನಲ್ಲೇ.